‘ಬರ್ತೀರಾ… ಬರ್ತೀ… ಬರ್ತೀನಿ’

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾತಾಡುವ ಕನ್ನಡ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಹಿಂದಿಯವರು, ಬಂಗಾಳಿಗಳು. ಏನು ಕೇಳಿದರೂ ಅದನ್ನೇ ವಾಪಸ್ ಹೇಳುತ್ತಿದ್ದರು. ಶುರುವಿನಲ್ಲಿ ನನಗೆ ಅದೇ ದೊಡ್ಡ ಕಿರಿಕಿರಿ. ‘ನಾಳೆ ಬರ್ತೀರಾ?’ ಅಂದರೆ ‘ನಾಳೆ… ಬರ್ತೀರಾ…’. ತಾಳ್ಮೆ ಕೆಟ್ಟು ‘ಬರ್ತೀನಿ ಅನ್ನಿ’ ಎನ್ನುತ್ತಿದ್ದೆ. ಅವರು ಅದನ್ನೂ ಒಪ್ಪಿಸುತ್ತಿದ್ದರು: ‘ಬರ್ತೀನಿ ಅನ್ನಿ.’

ಒಮ್ಮೆ ಎಲ್ಲರ ಒಪ್ಪಿಗೆ ಕೇಳಿ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ರಾತ್ರಿ ಕೂತು ಕೇಳಿದರೆ ನನ್ನ ತಪ್ಪೇ ಜಾಸ್ತಿ. ಬಂಗಾಳಿ ಹೆಂಗಸೊಬ್ಬರು ಮೊದಲ ‘ಬರ್ತೀರಾ’ವನ್ನು ದನಿ ಏರಿಸಿ ಹೇಳಿದ್ದರು, ಕೇಳಿಸಿಕೊಂಡದ್ದು ಸರಿಯೇ ಎಂದು ನನ್ನಿಂದ ಖಾತ್ರಿ ಮಾಡಿಕೊಳ್ಳಲು. ಎರಡನೆಯದು ಮೆಲ್ಲಗೆ, ತಮಗೆ ತಾವೇ: ‘ಬರ್ತೀ…’. ‘ರಾ’ ಕಿತ್ತುಹಾಕಿ, ಅಲ್ಲಿ ಏನು ಕೂರಿಸಬೇಕೆಂದು ಹುಡುಕುತ್ತಿದ್ದಾರೆ. ಆಮೇಲೆ ‘ಬರ್ತೀನಿ’. ನಾನು ಮಧ್ಯೆ ಬಾಯಿ ಹಾಕಿದ ಕಡೆಯೆಲ್ಲ ಆ ಮೂರನೆಯದು ಬರಲೇ ಇಲ್ಲ.

ಅಲ್ಲದೆ ನಾವು ಮಾತಾಡುವುದೂ ಹಾಗೇ ತಾನೆ? ‘ಊಟ ಆಯ್ತಾ?’ ‘ಆಯ್ತು.’ ‘ಕಾಫಿ ಬೇಕಾ?’ ‘ಬೇಕು.’ ಇಲ್ಲಿ ‘ಹೌದು’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಕೇಳಿದ ಮಾತಿನ ತುದಿ ತಿರುಗಿಸಿದರೆ ಅದೇ ಉತ್ತರ. ಈಗ ಮೊದಲ ನಾಲ್ಕು ವಾರ ನನ್ನ ಪಾಠ ಇದೊಂದೇ: ಗೊತ್ತಾ, ಗೊತ್ತು, ಸಿಕ್ತಾ, ಸಿಕ್ತು, ಸಾಕಾ, ಸಾಕು. ‘ಬರ್ತೀರಾ’ ಆಮೇಲೆ, ಏಕೆಂದರೆ ಅಲ್ಲಿ ‘ನೀವು’ ಹೋಗಿ ‘ನಾನು’ ಬರಬೇಕು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಬಾಯಿ ಮುಚ್ಚಿಕೊಂಡು ಐದು ಎಣಿಸುವುದು ಮೇಷ್ಟ್ರಿಗೆ ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಮೊನ್ನೆ ಜೋಡಿ ಮಾತು ಹೇಳಿಕೊಡುತ್ತಿದ್ದೆ. ಹಿಂದಿ ಹುಡುಗ ‘ಕಾಫಿ ವಾಫಿ’ ಅಂದ, ಬಂಗಾಳಿಯವರದು ‘ಕಾಫಿ ಟಾಫಿ’. ನಮ್ಮಲ್ಲಿ ‘ಕಾಫಿ ಗೀಫಿ’, ಎರಡನೇ ಸಲ ಮೊದಲಕ್ಷರದ ಜಾಗದಲ್ಲಿ ‘ಗಿ’ ಅಥವಾ ‘ಗೀ’ ಹಾಕಿ ಎಂದೆ. ಊಟ ಗೀಟ, ಪುಸ್ತಕ ಗಿಸ್ತಕ, ಎಲ್ಲ ಸಲೀಸಾಗಿ ಬಂತು. ಆಗ ಆ ಹುಡುಗ ಕೇಳಿದ: “ಸರ್, ಗಿಡಕ್ಕೆ?”

“ಗಿಡಕ್ಕೆ… ಗಿಡಕ್ಕೆ… ಗಿಡ…” ಅಂದೆ ನಾನು. ಅವನು ಬೆರಳು ಮಡಿಸುತ್ತಾ ಎಣಿಸತೊಡಗಿದ. ನಾಲ್ಕಕ್ಕೆ ‘ಗಿಡಗಂಟಿ’ ಹೊಳೆಯಿತು.