ಬಸ್ಸಾರು ಹಿಡಿದುಕೊಂಡು ಮತ್ತೆ ಅಡುಗೆಮನೆಗೆ

ಆಫೀಸಿಂದ ಬಂದು ಒಲೆ ಹಚ್ಚುವ ರೂಢಿಯೇ ನನಗೆ ತಪ್ಪಿಹೋಗಿತ್ತು. ಮತ್ತೆ ಶುರು ಮಾಡುವಾಗ ಓಟ್ಸ್, ಸಲಾಡ್ ಅಂತ ಹೋಗಲಿಲ್ಲ. ಬಸ್ಸಾರು ಹಿಡಿದುಕೊಂಡೆ. ಒಂದು ಸಲ ಬೇಯಿಸಿದರೆ ಸಾರೂ ಆಯ್ತು, ಪಲ್ಯವೂ ಆಯ್ತು.

ಸೊಪ್ಪು ಬಿಡಿಸುವುದೇ ದೊಡ್ಡ ಕಿರಿಕಿರಿ ಅಲ್ವಾ? ಅದನ್ನು ಹಿಂದಿನ ರಾತ್ರಿ ಟಿವಿ ಮುಂದೆ ಕೂತು ಮುಗಿಸುತ್ತೇನೆ. ದಂಟಿನ ಸೊಪ್ಪನ್ನು ತೊಳೆಯದೆ, ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೆಳಿಗ್ಗೆ ಹೊರಡುವ ಮುಂಚೆ ಅಲಸಂದೆ ಕಾಳು ನೆನೆಹಾಕುತ್ತೇನೆ. ಮನೆಯಲ್ಲಿ ಕಾಳು ನೆನೆದು ಕೂತಿದ್ದರೆ ಸಂಜೆ ಫೋನಿನಲ್ಲಿ ಊಟ ತರಿಸಲು ಮನಸ್ಸು ಬರುವುದಿಲ್ಲ. ದಂಡ ಆಗುತ್ತಲ್ಲ!

ಕಾಳನ್ನು ಜಾಸ್ತಿ ನೀರಿಟ್ಟು ಪಾತ್ರೆಯಲ್ಲೇ ಬೇಯಿಸುತ್ತೇನೆ. ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು. ಕುಕ್ಕರಿಗೆ ಹಾಕಿದರೆ ಸೊಪ್ಪು ಕರಗಿ ಪಲ್ಯ ಕೆಡುತ್ತದೆ. ಬಸಿದ ಕಟ್ಟು ಸಾರಿಗೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದು, ಕಾಯಿತುರಿ, ಹುಣಸೆಹಣ್ಣಿನ ಜೊತೆ ರುಬ್ಬುವಾಗ ಒಂದು ಹಿಡಿ ಬೆಂದ ಕಾಳು-ಸೊಪ್ಪನ್ನೂ ಸೇರಿಸಬೇಕು. ಸಾರು ಗಟ್ಟಿ ಬರುವುದೇ ಅದರಿಂದ. ಇಲ್ಲದಿದ್ದರೆ ನೀರು ನೀರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಹಾಕಿ ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯ.

ಜೊತೆಗೆ ರಾಗಿ ಮುದ್ದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ನನ್ನ ಅಳತೆ 1 ಲೋಟ ಹಿಟ್ಟಿಗೆ 2 ಲೋಟ ನೀರು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕುತ್ತೇನೆ. ಕುದಿ ಬಂದಾಗ ಮಿಕ್ಕ ಹಿಟ್ಟನ್ನು ನಡುವೆ ಗುಡ್ಡೆ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಸುಮ್ನೆ ಬಿಡುತ್ತೇನೆ. ಆಮೇಲೆ ಗಂಟಿಲ್ಲದಂತೆ ತಿರುವುವುದು. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ ಅಂತ ಲೆಕ್ಕ.

ಸಾರು ಮಾರನೇ ದಿನಕ್ಕೆ ಇನ್ನೂ ರುಚಿ. ಹಾಗಾಗಿ ಆವತ್ತು ಬರೀ ಅನ್ನ ಮಾಡಿದರೆ ಸಾಕು. ಉಪ್ಪು, ಎಣ್ಣೆ ಎಷ್ಟು ಬೀಳುತ್ತಿದೆ ಅಂತ ಈಗ ಕಣ್ಣಿಗೆ ಕಾಣುತ್ತದೆ. ಹೊಟ್ಟೆ ಉಬ್ಬರವೂ ಕಡಿಮೆಯಾಗಿದೆ. ಭಾನುವಾರದ ಮಸಾಲೆ ದೋಸೆ ಮಾತ್ರ ಇವತ್ತಿಗೂ ಹೋಟೆಲಿನದೇ. ಅದನ್ನು ಮನೆಯಲ್ಲಿ ಮಾಡುವ ಉಸಾಬರಿ ನನಗೆ ಬೇಡ.