ಮುಳುಗಿದ ಎಲೆ ಮತ್ತೆ ತೇಲುವುದೇಕೆ? ದ್ಯುತಿಸಂಶ್ಲೇಷಣೆ, ಉಸಿರಾಟಗಳನ್ನು ಮನೆಯಲ್ಲೇ ನೋಡುವ ಬಗೆ

ಗಿಡ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ನಮ್ಮ ಹಾಗೆ ಉಸಿರಾಡುತ್ತದೆ. ಹೈಸ್ಕೂಲಿನ ಯಾವ ಮಗುವನ್ನು ಕೇಳಿದರೂ ತಟ್ಟನೆ ಬರುವ ಉತ್ತರ ಇದು. ಅರ್ಧ ಮಾತ್ರ ಸರಿ. ಎಲೆ ಹಗಲಲ್ಲೂ ಬಿಡದೆ ಉಸಿರಾಡುತ್ತದೆ. ಬೆಳಕಿರುವಾಗ ದ್ಯುತಿಸಂಶ್ಲೇಷಣೆಯ, ಎಂದರೆ ಬೆಳಕಿನ ಬಲದಿಂದ ಸಕ್ಕರೆ ಕಟ್ಟುವ ಕೆಲಸದ, ಸಂಪಾದನೆ ಉಸಿರಾಟದ ಖರ್ಚಿಗಿಂತ ಎಷ್ಟೋ ಹೆಚ್ಚಾಗಿರುವುದರಿಂದ ಆ ಖರ್ಚು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಪಾಲಕ್ ಸೊಪ್ಪು, ಒಂದು ಸಿರಿಂಜ್, ಚಿಟಿಕೆ ಅಡುಗೆ ಸೋಡಾ ಇದ್ದರೆ ಸಂಪಾದನೆ, ಖರ್ಚು ಎರಡನ್ನೂ ಒಂದೇ ಲೋಟದಲ್ಲಿ ತೋರಿಸಬಹುದು.

ಬೇಕಾಗುವುದು ಇಷ್ಟು: ತಾಜಾ ಪಾಲಕ್, ಎಲೆಯಿಂದ ದುಂಡು ಬಿಲ್ಲೆ ಕತ್ತರಿಸಲು ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷೀನು, ಸೂಜಿ ತೆಗೆದ 10 ಅಥವಾ 20 ಮಿಲಿ ಸಿರಿಂಜ್, ಎರಡು ಗಾಜಿನ ಲೋಟ, ಪಾತ್ರೆ ತೊಳೆಯುವ ಲಿಕ್ವಿಡ್, 9 ವ್ಯಾಟಿನ ಎಲ್‌ಇಡಿ ಬಲ್ಬು. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆಯವರು ಬಿಸಿಲನ್ನು ನೆಚ್ಚಿಕೊಳ್ಳುವುದು ಬೇಡ. ಮೋಡ ಬಂದು ಹೋಗುತ್ತಿದ್ದರೆ ಬೆಳಕು ನಿಮಿಷಕ್ಕೊಂದು ತರಹ ಇರುತ್ತದೆ, ಒಂದು ಸಲದ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಬಲ್ಬೇ ವಾಸಿ. ಹಳೆಯ ಕಾಲದ ಬಿಸಿ ಬಲ್ಬು ಮಾತ್ರ ಬೇಡ, ಅದು ನೀರನ್ನೇ ಕಾಯಿಸುತ್ತದೆ.

ಬಿಲ್ಲೆ ಮುಳುಗಿಸುವುದು

ಮೊದಲು ಸೊಪ್ಪಿನ ಕಾಂಡವನ್ನು ನೀರಿನಲ್ಲಿಟ್ಟು ಅರ್ಧ ಗಂಟೆ ಬೆಳಕಿಗೆ ಇಡಿ. ಬಾಡಿದ ಎಲೆಯ ಪತ್ರರಂಧ್ರಗಳು (ಗಾಳಿ ಒಳಹೊರಗೆ ಹೋಗುವ ಸಣ್ಣ ತೂತುಗಳು) ಮುಚ್ಚಿಕೊಂಡಿರುತ್ತವೆ, ಅದರಿಂದ ಕೆಲಸವಾಗದು. 300 ಮಿಲಿ ನೀರಿಗೆ ಟೀ ಚಮಚದ ಎಂಟನೇ ಒಂದು ಭಾಗ, ಎಂದರೆ ಸುಮಾರು 0.6 ಗ್ರಾಂ ಅಡುಗೆ ಸೋಡಾ ಕದಡಿ. ಇಂಗಾಲದ ಡೈಆಕ್ಸೈಡ್ ಎಲೆಗೆ ಸಿಗುವುದು ಇದರಿಂದಲೇ. ಲಿಕ್ವಿಡ್ ಒಂದು ಹನಿ ಸಾಕು. ಎಲೆಯ ಮೇಲಿನ ಮೇಣದ ಪದರವನ್ನು ದಾಟಿ ನೀರು ಒಳಗಿಳಿಯಲು ಅದು ಬೇಕು, ಆದರೆ ನೊರೆ ಬಂದರೆ ಬಿಲ್ಲೆಗಳು ನೊರೆಗೆ ಅಂಟಿಕೊಂಡು ತೇಲುತ್ತವೆ, ಲೆಕ್ಕ ಕೆಡುತ್ತದೆ. ನೊರೆ ಎದ್ದರೆ ಆ ದ್ರಾವಣ ಚೆಲ್ಲಿ ಹೊಸದು ಮಾಡಿ.

ದಪ್ಪ ನರಗಳನ್ನು ಬಿಟ್ಟು ಹತ್ತು ಬಿಲ್ಲೆ ಕತ್ತರಿಸಿ. ಪ್ಲಂಜರ್ ತೆಗೆದು ಬಿಲ್ಲೆಗಳನ್ನು ಸಿರಿಂಜಿಗೆ ಹಾಕಿ, ಅವು ಜಜ್ಜಿಹೋಗದಂತೆ ಪ್ಲಂಜರನ್ನು ನಿಧಾನವಾಗಿ ಒಳಕ್ಕೆ ತಳ್ಳಿ, ನಾಲ್ಕೈದು ಮಿಲಿ ದ್ರಾವಣ ಎಳೆದುಕೊಳ್ಳಿ. ಮೂತಿ ಮೇಲೆ ಮಾಡಿ ಗಾಳಿ ಹೊರಹಾಕಿ. ಈಗ ಮೂತಿಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ ಪ್ಲಂಜರನ್ನು ಹಿಂದಕ್ಕೆಳೆದು ಹತ್ತು ಸೆಕೆಂಡು ಹಿಡಿಯಿರಿ. ಎಲೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಬೆರಳು ತೆಗೆದ ಕೂಡಲೇ ಗಾಳಿಯಿದ್ದ ಜಾಗಕ್ಕೆ ದ್ರಾವಣ ನುಗ್ಗುತ್ತದೆ, ಬಿಲ್ಲೆ ಮುಳುಗುತ್ತದೆ. ಎರಡು ಮೂರು ಸಲದಲ್ಲಿ ಎಲ್ಲವೂ ತಳ ಸೇರಬೇಕು. ಸೇರಲಿಲ್ಲವೆಂದು ಏಳೆಂಟು ಸಲ ಎಳೆಯಬೇಡಿ. ಜೀವಕೋಶಗಳು ಒಡೆದು ಬಿಲ್ಲೆ ಕಡುಹಸಿರಾಗುತ್ತದೆ, ಮತ್ತೆ ತೇಲುವುದೇ ಇಲ್ಲ. ಮೊಂಡು ಬಿಲ್ಲೆಗಳನ್ನು ಎಸೆದು ಬೇರೆ ಕತ್ತರಿಸಿಕೊಳ್ಳುವುದು ಮೇಲು.

ಇನ್ನೂ ಹತ್ತು ಬಿಲ್ಲೆಗಳನ್ನು ಹೀಗೆಯೇ ಮುಳುಗಿಸಿ, ಆದರೆ ಸೋಡಾ ಇಲ್ಲದೆ, ಕುದಿಸಿ ಆರಿಸಿದ ನೀರಿನಲ್ಲಿ. ಲಿಕ್ವಿಡ್ ಹನಿ ಇದಕ್ಕೂ ಇರಲಿ. ಈ ಎರಡನೇ ಲೋಟವಿಲ್ಲದಿದ್ದರೆ ಬಿಲ್ಲೆ ಎದ್ದದ್ದು ಯಾವ ಕಾರಣಕ್ಕೆ ಎಂದು ಹೇಳಲು ಬರುವುದಿಲ್ಲ.

ಬೆಳಕು ಹಾಕಿ, ಎಣಿಸಿ

ಮುಳುಗಿದ ಬಿಲ್ಲೆಗಳನ್ನು ಅವುಗಳದೇ ದ್ರಾವಣದೊಂದಿಗೆ ಬೇರೆ ಬೇರೆ ಲೋಟಕ್ಕೆ ಬಗ್ಗಿಸಿ. ಎರಡೂ ಲೋಟಗಳನ್ನು ಬಲ್ಬಿನಿಂದ ಒಂದು ಗೇಣು ದೂರದಲ್ಲಿಟ್ಟು ನಿಮಿಷಕ್ಕೊಮ್ಮೆ ತೇಲಿದ ಬಿಲ್ಲೆಗಳನ್ನು ಎಣಿಸಿ ಬರೆಯಿರಿ. ಸೋಡಾ ಲೋಟದಲ್ಲಿ ಸ್ವಲ್ಪ ಹೊತ್ತಿಗೆ ಒಂದೊಂದೇ ಬಿಲ್ಲೆ ಅಂಚೆತ್ತಿ ಮೇಲೇಳುತ್ತದೆ. ಹತ್ತರಲ್ಲಿ ಐದು ತೇಲಲು ಹಿಡಿದ ಸಮಯವೇ ನಿಮ್ಮ ಅಳತೆ. ಕೊನೆಯ ಬಿಲ್ಲೆಯವರೆಗೂ ಕಾಯುವುದರಲ್ಲಿ ಅರ್ಥವಿಲ್ಲ, ಎಲ್ಲೋ ಒಂದೆರಡು ಕಡೆಯವರೆಗೂ ಏಳುವುದಿಲ್ಲ. ಬಲ್ಬನ್ನು ಎರಡು ಗೇಣಿಗೆ ಸರಿಸಿದರೆ ಲೋಟಕ್ಕೆ ಬೀಳುವ ಬೆಳಕು ಹೆಚ್ಚು ಕಡಿಮೆ ಕಾಲುಭಾಗಕ್ಕಿಳಿಯುತ್ತದೆ. ಹೊಸ ಬಿಲ್ಲೆ ಹಾಕಿ ಮತ್ತೆ ಎಣಿಸಿದರೆ ಸಮಯ ಉದ್ದವಾಗುವುದು ತಾನಾಗಿ ತಿಳಿಯುತ್ತದೆ.

ಬಿಲ್ಲೆಯನ್ನು ಎತ್ತಿದ್ದು ಆಮ್ಲಜನಕ. ಎಲೆಯ ಜೀವಕೋಶದೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣದ ಒಳಪೊರೆಗಳಲ್ಲಿರುವ ಪತ್ರಹರಿತು ಎಂಬ ಹಸಿರು ಬಣ್ಣ ಬೆಳಕನ್ನು ಹೀರಿಕೊಂಡು ನೀರಿನ ಅಣುವನ್ನು ಸೀಳುತ್ತದೆ. ಅದರ ಹೈಡ್ರೋಜನ್ ಮುಂದೆ ಸಕ್ಕರೆ ಕಟ್ಟುವ ಕೆಲಸಕ್ಕೆ ಹೋಗುತ್ತದೆ, ಆಮ್ಲಜನಕ ಹೊರಬೀಳುತ್ತದೆ. ಈ ಆಮ್ಲಜನಕ ಬರುವುದು ಇಂಗಾಲದ ಡೈಆಕ್ಸೈಡಿನಿಂದ ಎಂದು ಅನೇಕರು ಈಗಲೂ ಬರೆಯುತ್ತಾರೆ. ಅದು ನೀರಿನದೇ ಎಂದು 1941ರಲ್ಲಿ ವಿಜ್ಞಾನಿಗಳಾದ ರೂಬೆನ್, ಕೇಮನ್ ಮತ್ತು ಜೊತೆಗಾರರು ಭಾರದ ಆಮ್ಲಜನಕವನ್ನು (ಮಾಮೂಲಿಗಿಂತ ಹೆಚ್ಚು ತೂಕದ ಪರಮಾಣು) ಗುರುತಾಗಿ ಬಳಸಿ ತೋರಿಸಿದರು. ಸೋಡಾದಿಂದ ಬಂದ ಇಂಗಾಲ ಸಕ್ಕರೆಯಲ್ಲಿ ಸೇರಿಕೊಳ್ಳುತ್ತದೆ. ಇಂಗಾಲ ಸಿಗದಿದ್ದರೆ ಇಡೀ ಕೆಲಸ ಕಟ್ಟಿಕೊಳ್ಳುತ್ತದೆ. ಎರಡನೇ ಲೋಟದ ಬಿಲ್ಲೆಗಳು ಅಷ್ಟೇ ಬೆಳಕಿನಲ್ಲೂ ತಳದಲ್ಲೇ ಉಳಿಯುವುದು ಇದಕ್ಕೇ.

ಕಾಫಿ ಎಲೆಯಲ್ಲಿ ಮಾಡಬಹುದೇ? ಮಾಡಬಹುದು, ತಾಳ್ಮೆ ಬೇಕು. ಅದರ ಮೇಣ ದಪ್ಪ, ಪತ್ರರಂಧ್ರಗಳು ಎಲೆಯ ತಳಭಾಗದಲ್ಲಿ ಮಾತ್ರ ಇವೆ. ಅರೇಬಿಕಾ ಕಾಫಿಯ ತವರು ಇಥಿಯೋಪಿಯಾದ ಕಾಡಿನ ನೆರಳು, ಪೂರ್ತಿ ಬಿಸಿಲನ್ನು ಬಳಸಿಕೊಳ್ಳುವ ಎಲೆ ಅದಲ್ಲ. ಹಾಗೆಂದು ಕತ್ತಲೂ ಒಗ್ಗದು. ಚಿಕ್ಕಮಗಳೂರಿನ ತೋಟಗಳಲ್ಲಿ ಮಳೆ ಹಿಡಿಯುವ ಮುಂಚೆ ಮರಗಸಿ ಮಾಡಿ (ನೆರಳಿನ ಮರಗಳ ಕೊಂಬೆ ಸವರಿ) ನೆರಳು ಬಿಡಿಸುವುದರ ಹಿಂದೆ ಈ ಲೆಕ್ಕವೂ ಇದೆ. ತಿಂಗಳುಗಟ್ಟಲೆ ಮೋಡ ಕವಿದಿರುವಾಗ ಮರದ ನೆರಳೂ ಸೇರಿದರೆ, ಒಳಗಿನ ಎಲೆಯ ಸಂಪಾದನೆ ಅದರ ಉಸಿರಾಟದ ಖರ್ಚಿಗೇ ಸಾಲುವುದಿಲ್ಲ.

ಈಗ ಕತ್ತಲು

ತೇಲಿದ ಬಿಲ್ಲೆಗಳ ಲೋಟಕ್ಕೆ ಬೆಳಕು ನುಸುಳದಂತೆ ಸ್ಟೀಲ್ ಡಬ್ಬ ಕವುಚಿ. ಐದು ನಿಮಿಷಕ್ಕೊಮ್ಮೆ ಎತ್ತಿ, ಅಂಚಿಗೆ ಅಂಟಿದ ಗುಳ್ಳೆ ಬಿಡುವಂತೆ ಲೋಟವನ್ನು ಮೆಲ್ಲಗೆ ಅಲುಗಿಸಿ, ಎಣಿಸಿ, ಕೂಡಲೇ ಮುಚ್ಚಿ. ಬಿಲ್ಲೆಗಳು ಒಂದೊಂದಾಗಿ ಮತ್ತೆ ಮುಳುಗುತ್ತವೆ. ಎದ್ದದ್ದಕ್ಕಿಂತ ಮುಳುಗುವುದು ಬಹಳ ನಿಧಾನ, ಗಡಿಬಿಡಿ ಮಾಡಬೇಡಿ. ಒಳಗಿದ್ದ ಆಮ್ಲಜನಕವನ್ನು ಮೈಟೊಕಾಂಡ್ರಿಯಾಗಳು (ಜೀವಕೋಶದೊಳಗೆ ಉಸಿರಾಟ ನಡೆಸುವ ಕಣಗಳು) ಬಳಸಿಕೊಂಡಿವೆ. ಅದರ ಬದಲು ಹುಟ್ಟಿದ ಇಂಗಾಲದ ಡೈಆಕ್ಸೈಡ್ ಸುಲಭವಾಗಿ ನೀರಿನಲ್ಲಿ ಕರಗಿಹೋಗುವುದರಿಂದ ಬಿಲ್ಲೆಯನ್ನು ಎತ್ತಿ ಹಿಡಿಯಲಾರದು. ಹಸಿರು ಭಾಗ ಬೆಳಕಿದ್ದರಷ್ಟೇ ಗಾಳಿಯನ್ನು ತಿಳಿ ಮಾಡುತ್ತದೆ, ಕತ್ತಲಲ್ಲಿ ಕೆಡಿಸುತ್ತದೆ ಎಂದು ವಿಜ್ಞಾನಿ ಯಾನ್ ಇಂಗೆನ್‌ಹೌಸ್ 1779ರಲ್ಲಿ ಬರೆದದ್ದನ್ನು ನೀವು ಲೋಟದಲ್ಲಿ ಕಂಡಂತಾಯಿತು.

ಕಾಳು ಬಿಸಿಯಾಗುವುದು

ಉಸಿರಾಟವನ್ನು ಬೇರೆಯಾಗಿ ನೋಡಬೇಕಾದರೆ ಮೊಳಕೆ ಕಾಳಿಗಿಂತ ಒಳ್ಳೆಯದಿಲ್ಲ, ಅದರಲ್ಲಿ ದ್ಯುತಿಸಂಶ್ಲೇಷಣೆಯ ಗೊಡವೆಯಿಲ್ಲ. ಕಾಲು ಕೆ.ಜಿ. ಹೆಸರುಕಾಳು ಅಥವಾ ಹುರುಳಿಯನ್ನು ರಾತ್ರಿಯಿಡೀ ನೆನೆಹಾಕಿ, ಬಸಿದು, ಬಟ್ಟೆಯಲ್ಲಿ ಕಟ್ಟಿಡಿ. ಬಿಳಿ ಮೊಳಕೆ ಇಣುಕಿದಾಗ ಅರ್ಧ ಭಾಗವನ್ನು ಹತ್ತು ನಿಮಿಷ ಬೇಯಿಸಿ ಪೂರ್ತಿ ಆರಿಸಿ. ಹಸಿಯದು ಒಂದು ಥರ್ಮಾಸ್ ಫ್ಲಾಸ್ಕಿಗೆ, ಬೆಂದದ್ದು ಇನ್ನೊಂದಕ್ಕೆ. ಬಾಯಿಗೆ ಬಿರಡೆ ಬೇಡ, ಹತ್ತಿ ತುರುಕಿ. ಬಿಗಿಯಾಗಿ ಮುಚ್ಚಿದರೆ ಆಮ್ಲಜನಕ ಮುಗಿದು ಕಾಳು ಹುಳಿ ವಾಸನೆ ಹೊಡೆಯುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಪ್ರಯೋಜನಕ್ಕಿಲ್ಲ, ಅದರ ಅಳತೆ ಶುರುವಾಗುವುದೇ ಮೈಬಿಸಿಯ ಹತ್ತಿರದಿಂದ. ಶಾಲೆಯ ಲ್ಯಾಬಿನದು ಬೇಕು. ಮಾರನೆಯ ಬೆಳಿಗ್ಗೆಗೆ ಜೀವಂತ ಕಾಳಿನ ಫ್ಲಾಸ್ಕ್ ಬೆಚ್ಚಗಾಗಿರುತ್ತದೆ. ಎರಡು ದಿನ ಬಿಟ್ಟರೆ ಬೆಂದ ಕಾಳೂ ಬಿಸಿಯಾಗತೊಡಗುತ್ತದೆ. ಅದು ಬೂಷ್ಟು, ಬ್ಯಾಕ್ಟೀರಿಯಾಗಳ ಉಸಿರಾಟ.

ಸಕ್ಕರೆಯಲ್ಲಿದ್ದ ಶಕ್ತಿಯನ್ನು ಜೀವಕೋಶ ತನ್ನ ಕೆಲಸಗಳಿಗೆ ಬಳಸುವ ಎಟಿಪಿ ಎಂಬ ಅಣುಗಳ ಚಿಲ್ಲರೆಯಾಗಿ ಮುರಿಸಿಕೊಳ್ಳುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಆಮ್ಲಜನಕವಿದ್ದರೆ ಒಂದು ಗ್ಲೂಕೋಸಿಗೆ ಸುಮಾರು 30ರಿಂದ 32 ಎಟಿಪಿ, ಇಲ್ಲದಿದ್ದರೆ ಬರೀ 2. ಪಠ್ಯಪುಸ್ತಕಗಳಲ್ಲಿ ಕಾಣುವ 36, 38 ಹಳೆಯ ಲೆಕ್ಕ. ಮೈಟೊಕಾಂಡ್ರಿಯಾದ ಪೊರೆಯಲ್ಲಾಗುವ ಸೋರಿಕೆ, ಸಾಗಣೆಯ ವೆಚ್ಚ ಅದರಲ್ಲಿ ಸೇರಿಲ್ಲ.

ಹೊರಬಂದ ಅನಿಲ ಯಾವುದೆಂದು ತಿಳಿಯಲು ಎಲೆಯಡಿಕೆಯ ಸುಣ್ಣ ಸಾಕು. ಅರ್ಧ ಲೀಟರ್ ನೀರಿಗೆ ಒಂದು ಚಮಚ ಕಲಸಿ, ಮುಚ್ಚಿ, ರಾತ್ರಿ ಇಟ್ಟು ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಕಣ್ಣಿಗೆ ಸಿಡಿಯದಂತೆ ಎಚ್ಚರ. ಚಿಕ್ಕ ಬಟ್ಟಲಲ್ಲಿ ಈ ತಿಳಿಯನ್ನು ಮೊಳಕೆ ಕಾಳಿನ ಜಾಡಿಯೊಳಗಿಟ್ಟು ಮುಚ್ಚಿದರೆ ಕೆಲವು ಗಂಟೆಯಲ್ಲಿ ಬೆಳ್ಳಗೆ ಕೆನೆಗಟ್ಟುತ್ತದೆ. ಅದು ಇಂಗಾಲದ ಡೈಆಕ್ಸೈಡಿನ ಗುರುತು. ಕಾಳಿಲ್ಲದ ಜಾಡಿಯಲ್ಲೂ ಒಂದು ಬಟ್ಟಲಿಟ್ಟು ಹೋಲಿಸಿ.

ಹಾಸನದ ಆಲೂಗಡ್ಡೆ ರಾಶಿಯಲ್ಲಿ ನಡೆಯುವುದೂ ಇದೇ. ಕಿತ್ತ ಗಡ್ಡೆಗೆ ಜೀವವಿದೆ, ಅದು ಉಸಿರಾಡುತ್ತದೆ, ಬಿಸಿಯಾಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಉಸಿರಾಟ ಸುಮಾರು ಇಮ್ಮಡಿಯಾಗುತ್ತದೆ, ಅದರಿಂದ ಇನ್ನಷ್ಟು ಬಿಸಿ. ಗಾಳಿಯಾಡದೆ ಆಮ್ಲಜನಕ ಕಡಿಮೆಯಾದರೆ ಹೊರಗೆ ಚೆನ್ನಾಗಿ ಕಾಣುವ ಗಡ್ಡೆಯ ನಡುಭಾಗವೇ ಕಪ್ಪಾಗುತ್ತದೆ. ಹೊರಗಿನಿಂದ ಇದನ್ನು ಕಂಡುಹಿಡಿಯಲಾಗದು, ಕೊಯ್ದಾಗಲೇ ಗೊತ್ತಾಗುವುದು. ಆದ್ದರಿಂದ ಸಿಪ್ಪೆ ಒಣಗಿದ ಮೇಲೆ ತಗ್ಗು ರಾಶಿ ಹಾಕಿ, ನಡುವೆ ಗಾಳಿಗೆ ಜಾಗ ಬಿಡಿ, ಪ್ಲಾಸ್ಟಿಕ್ ಹೊದಿಸಬೇಡಿ. ತಿನ್ನುವ ಗಡ್ಡೆಯನ್ನು ಕತ್ತಲಲ್ಲಿಡಿ: ಬೆಳಕು ಬಿದ್ದರೆ ಸಿಪ್ಪೆಯಲ್ಲಿ ಪತ್ರಹರಿತಿನ ಜೊತೆಗೆ ಸೊಲನಿನ್ ಎಂಬ ವಿಷವೂ ಹೆಚ್ಚುತ್ತದೆ. ಬಿತ್ತನೆ ಗಡ್ಡೆಗೆ ಮಾತ್ರ ಹದವಾದ ನೆರಳುಬೆಳಕು ಬೇಕು. ಕತ್ತಲಲ್ಲಿ ಉದ್ದುದ್ದ ಬೆಳೆದು ಮುರಿಯುವ ಮೊಳಕೆ, ಬೆಳಕಿನಲ್ಲಿ ಮೋಟಾಗಿ ಗಟ್ಟಿಯಾಗಿ ಬರುತ್ತದೆ.