ನಿಮ್ನ ದರ್ಪಣದೆದುರು ಮೇಣದಬತ್ತಿಯ ನಡಿಗೆ

ಕಾರವಾರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ನಿಮ್ನ ದರ್ಪಣದ, ಅಂದರೆ ಒಳಕ್ಕೆ ಬಾಗಿದ ಕನ್ನಡಿಯ, ಪಾಠವನ್ನು ಈಗ ಪುಸ್ತಕದ ಕೋಷ್ಟಕದಿಂದ ಆರಂಭಿಸುವುದಿಲ್ಲ. ಬೆಳಗಿನ ಬಿಸಿಲು ಕೂರ್ಮಗಡ ದ್ವೀಪದ ಮೇಲೆ ಬಿದ್ದಿರುವಾಗ ಮಹಡಿಯ ಪಡುವಣ ಕಿಟಕಿಯತ್ತ ದರ್ಪಣವನ್ನು ತಿರುಗಿಸಿ, ಅದರ ಮುಂದೆ ಬಿಳಿ ರಟ್ಟೊಂದನ್ನು ಹಿಂದೆ ಮುಂದೆ ಸರಿಸುತ್ತೇನೆ. ಸುಮಾರು 15 ಸೆಂ.ಮೀ. ದೂರದಲ್ಲಿ ದ್ವೀಪವು ಪುಟ್ಟದಾಗಿ, ಕಡಲನ್ನು ತಲೆಯ ಮೇಲೆ ಹೊತ್ತು ಮೂಡುತ್ತದೆ. ಅಷ್ಟು ದೂರದ ಕಿರಣಗಳನ್ನು ಸಮಾಂತರವೆಂದೇ ಎಣಿಸಬಹುದಾದ್ದರಿಂದ ಅದೇ ನಮ್ಮ ದರ್ಪಣದ ಸಂಗಮ ದೂರ, ಅಂದರೆ ಸಮಾಂತರ ಕಿರಣಗಳು ಬಂದು ಕೂಡುವ ಸಂಗಮ ಬಿಂದುವಿಗಿರುವ ದೂರ. ದರ್ಪಣ ಯಾವ ಗೋಳದ ತುಣುಕೋ ಆ ಗೋಳದ ನಡುಬಿಂದುವಾದ ವಕ್ರತಾ ಕೇಂದ್ರ ಇದರ ಎರಡರಷ್ಟು ದೂರದಲ್ಲಿ, 30 ಸೆಂ.ಮೀ.ನಲ್ಲಿ.

ಬಳಿಕ ಕಿಟಕಿ ಮುಚ್ಚಲೇಬೇಕು; ಕಡಲಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ. ಬತ್ತಿ 60 ಸೆಂ.ಮೀ.ನಲ್ಲಿದ್ದರೆ ಪ್ರತಿಬಿಂಬ 20ರಲ್ಲಿ, ಮೂರನೆಯ ಒಂದರಷ್ಟು ಗಾತ್ರದಲ್ಲಿ ಸಿಗುತ್ತದೆ. 30ಕ್ಕೆ ತಂದು ದರ್ಪಣವನ್ನು ತುಸು ಓರೆಯಾಗಿಸಿದರೆ ಬತ್ತಿಯ ಪಕ್ಕದಲ್ಲಿಟ್ಟ ರಟ್ಟಿನ ಮೇಲೆ ಅಷ್ಟೇ ಎತ್ತರದ ಜ್ವಾಲೆ ತಲೆಕೆಳಗಾಗಿ ಉರಿಯುತ್ತದೆ.

ನಿಜವಾದ ಸ್ವಾರಸ್ಯವಿರುವುದು ಅಲ್ಲಿಂದ ಒಳಗೆ. 20 ಸೆಂ.ಮೀ.ಗೆ ಬಂದಾಗ ಪ್ರತಿಬಿಂಬ ಬತ್ತಿಯನ್ನು ದಾಟಿ 60ಕ್ಕೆ ಹೋಗಿ ಮೂರು ಪಟ್ಟು ದೊಡ್ಡದಾಗುತ್ತದೆ. 16ಕ್ಕೆ ಬಂದರೆ ರಟ್ಟು ಸಾಲದು, 240 ಸೆಂ.ಮೀ. ಆಚೆಯ ಗೋಡೆಯೇ ಪರದೆಯಾಗಬೇಕು, ಎರಡು ಸೆಂ.ಮೀ. ಜ್ವಾಲೆ ಅಲ್ಲಿ 30 ಸೆಂ.ಮೀ. ಎತ್ತರಕ್ಕೆ, ಮಬ್ಬಾಗಿ, ತಲೆಕೆಳಗಾಗಿ ತೂಗಾಡುತ್ತದೆ. ಮಳೆಗಾಲದ ಕತ್ತಲ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಇನ್ನು ಅರ್ಧ ಸೆಂ.ಮೀ. ಮುಂದಿಟ್ಟರೆ ಪ್ರತಿಬಿಂಬ 465 ಸೆಂ.ಮೀ.ಗೆ ಓಡಿಹೋಗುತ್ತದೆ. 15ರಲ್ಲಿ ಗೋಡೆಯ ಮೇಲೆ ಬರಿಯ ಬೆಳಕಿನ ಮಚ್ಚೆ. 10 ಸೆಂ.ಮೀ.ನಲ್ಲಿ ಮತ್ತೆ ಮೂರು ಪಟ್ಟೇ ದೊಡ್ಡ ಜ್ವಾಲೆ, ಆದರೆ ನೆಟ್ಟಗೆ, ದರ್ಪಣದ ಹಿಂದಿದ್ದಂತೆ. ರಟ್ಟಿಗೆ ಅದು ಸಿಕ್ಕುವುದಿಲ್ಲ, ಕಣ್ಣಿಗೆ ಮಾತ್ರ.

ಮೊದಲ ವರ್ಷ ನನ್ನ ಅಳತೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ದರ್ಪಣದ ಮಧ್ಯಬಿಂದುವಾದ ಧ್ರುವದಿಂದ ಅಳೆಯದೆ ಸ್ಟ್ಯಾಂಡಿನ ಮುಂದಿನ ಅಂಚಿನಿಂದ ಅಳೆದಿದ್ದೆ, ಎರಡು ಸೆಂ.ಮೀ. ತಪ್ಪು ದೂರದಲ್ಲಿ ಗೊತ್ತಾಗದು, ಸಂಗಮ ಬಿಂದುವಿನ ಹತ್ತಿರ ಲೆಕ್ಕವನ್ನೇ ಕೆಡಿಸುತ್ತದೆ.

ಕೊನೆಗೆ ದರ್ಪಣದ ಕೆಳಗಿನ ಅರ್ಧಕ್ಕೆ ಕಪ್ಪು ಕಾಗದ ಮುಚ್ಚುತ್ತೇನೆ. ಅರ್ಧ ಜ್ವಾಲೆ ಕಾಣೆಯಾಗುವುದೆಂದು ಮಕ್ಕಳು ಕೈಯೆತ್ತಿ ಹೇಳುತ್ತಾರೆ. ದರ್ಪಣದ ಪ್ರತಿ ತುಣುಕಿಗೂ ಇಡೀ ಜ್ವಾಲೆಯ ಬೆಳಕು ತಾಗುವುದರಿಂದ ಗೋಡೆಯ ಮೇಲಿನ ಜ್ವಾಲೆ ಇಡಿಯಾಗಿಯೇ ಉಳಿಯುತ್ತದೆ, ಬೆಳಕು ಮಾತ್ರ ತಗ್ಗುತ್ತದೆ.